ಅನ್‌ಲಾಕ್ಡ್ ಫೋನೋ, ನೆಟ್‌ವರ್ಕ್ ಕಂಪನಿಯ ಫೋನೋ? ಅನುಭವ ಇರುವವರು ಹೇಳಿ

ಹಳೇ ಫೋನ್ ಇನ್ನು ಜಾಸ್ತಿ ದಿನ ಬರುವುದಿಲ್ಲ. ನೆಟ್‌ವರ್ಕ್ ಕಂಪನಿಯ ಅಂಗಡಿಯಲ್ಲಿ ಹೊಸದನ್ನು ಮುಂಗಡ ಇಲ್ಲದೆ 36 ತಿಂಗಳ ಕಂತಿಗೆ ಕೊಡುತ್ತಾರೆ, ರಿಯಾಯಿತಿಯೂ ಇದೆ. ಅದೇ ಫೋನನ್ನು ಅನ್‌ಲಾಕ್ಡ್ ಆಗಿ, ಅಂದರೆ ಯಾವ ಕಂಪನಿಯ ಸಿಮ್ ಆದರೂ ಹಾಕಬಹುದಾದಂತೆ, ತಯಾರಕರಿಂದಲೇ ತಗೊಂಡರೆ ಪೂರ್ತಿ ದುಡ್ಡು ಒಟ್ಟಿಗೆ ಕಟ್ಟಬೇಕು. ಆಗಾಗ ಹೊರದೇಶಕ್ಕೆ ಹೋಗುತ್ತಿರುತ್ತೇನೆ. ಯಾವುದು ಸರಿ?

ಉತ್ತರ 1
ಎರಡೂ ಥರ ಬಳಸಿದ್ದೇನೆ. ನಿಮಗೆ ಅನ್‌ಲಾಕ್ಡ್ ಫೋನೇ ಸರಿ. ಮೊದಲು ಆ ರಿಯಾಯಿತಿ ಹೇಗೆ ಸಿಗುತ್ತದೆ ಅಂತ ವಿಚಾರಿಸಿ. ಎಷ್ಟೋ ಕಡೆ ಅದು ಫೋನಿನ ಬೆಲೆಯಲ್ಲಿ ಕಡಿಮೆ ಆಗುವುದಿಲ್ಲ. ಪ್ರತಿ ತಿಂಗಳ ಬಿಲ್ಲಿನಲ್ಲಿ ಸ್ವಲ್ಪ ಸ್ವಲ್ಪವೇ ವಜಾ ಆಗುತ್ತದೆ. ನಡುವೆ ಕಂಪನಿ ಬಿಟ್ಟರೆ ಉಳಿದ ವಜಾ ನಿಂತುಹೋಗುತ್ತದೆ, ಬಾಕಿ ಕಂತು ಮಾತ್ರ ನಿಮ್ಮ ತಲೆ ಮೇಲೆ. ಜೊತೆಗೆ ದುಬಾರಿ ಪ್ಲಾನನ್ನೇ ಹಾಕಿಸಿಕೊಳ್ಳಬೇಕು ಅಂತಲೂ ಷರತ್ತು ಇರುತ್ತದೆ. ಹಾಗಾಗಿ ಫೋನಿನ ಬೆಲೆಯೊಂದನ್ನೇ ನೋಡಬೇಡಿ, 36 ತಿಂಗಳ ಪ್ಲಾನ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಇನ್ನು ಲಾಕ್, ಅಂದರೆ ಮಾರಿದ ಕಂಪನಿಯ ಸಿಮ್ ಮಾತ್ರ ನಡೆಯುವ ಹಾಗೆ ಫೋನನ್ನು ಕಟ್ಟಿಹಾಕುವುದು. ಲಾಕ್ ಆದ ಫೋನಿಗೆ ಹೊರದೇಶದಲ್ಲಿ ಅಲ್ಲಿನ ಸಿಮ್ ಹಾಕಿದರೆ ‘ಈ ಸಿಮ್ ನಡೆಯುವುದಿಲ್ಲ’ ಅಂತ ಪರದೆ ಮೇಲೆ ಬರುತ್ತದೆ, ಅಷ್ಟೆ. ಆಮೇಲೆ ರೋಮಿಂಗೇ ಗತಿ.

ಉತ್ತರ 2
ಮೇಲಿನವರು ಹೇಳಿದ್ದು ನಿಜ. ಆದರೆ ಅನ್‌ಲಾಕ್ಡ್ ಅಂದ ಮಾತ್ರಕ್ಕೆ ಎಲ್ಲ ಕಡೆ ಕೆಲಸ ಮಾಡುತ್ತದೆ ಅಂತಿಲ್ಲ. ಒಂದೇ ಹೆಸರಿನ ಫೋನಿಗೆ ದೇಶಕ್ಕೊಂದು ಮಾಡೆಲ್ ನಂಬರ್ ಇರುತ್ತದೆ, ಬ್ಯಾಂಡ್‌ಗಳೂ (ಫೋನ್ ಹಿಡಿಯುವ ಸಿಗ್ನಲ್‌ನ ತರಂಗಾಂತರಗಳು) ಬೇರೆ ಬೇರೆ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 2022ರ ಐಫೋನ್ 14ರಿಂದ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ ಸಿಮ್) ಮಾತ್ರ. ಅಲ್ಲಿನ ದೊಡ್ಡ ಕಂಪನಿಗಳು ಅದೇ ವರ್ಷ 3ಜಿ ನಿಲ್ಲಿಸಿದವು. ಆಗ ಆ ಕಂಪನಿಗಳ 4ಜಿ ಕರೆಗೆ ಒಗ್ಗದ ಫೋನುಗಳಲ್ಲಿ ಮಾತಾಡುವುದೇ ಕಷ್ಟವಾಯಿತು. ಅನ್‌ಲಾಕ್ಡ್ ಆಗಿದ್ದೂ ಏನು ಪ್ರಯೋಜನ, ಅಲ್ವಾ? ತಗೊಳ್ಳುವ ಮೊದಲು ಮಾಡೆಲ್ ನಂಬರ್ ಹಿಡಿದು ನಿಮ್ಮ ಕಂಪನಿಯನ್ನೇ ಕೇಳಿ.

ಉತ್ತರ 3
ಮೂರು ವರ್ಷ ಅದೇ ಕಂಪನಿಯಲ್ಲೇ ಇರುತ್ತೇನೆ, ಆ ಪ್ಲಾನ್ ಹೇಗೂ ಬೇಕು ಅನ್ನುವವರಿಗೆ ಕಂತಿನ ಫೋನ್ ಲಾಭವೇ. ನಮ್ಮ ಮನೆಯಲ್ಲಿ ಹಾಗೇ ತಗೊಂಡೆವು, ಏನೂ ತೊಂದರೆ ಆಗಿಲ್ಲ.

ಉತ್ತರ 4
ಸೆಕೆಂಡ್ ಹ್ಯಾಂಡ್ ಯೋಚನೆ ಇದ್ದರೆ ಇನ್ನೂ ಹುಷಾರಾಗಿರಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ‘ಕ್ಯಾರಿಯರ್ ಲಾಕ್’ ಅನ್ನುವ ಸಾಲು ನೋಡಿ. ಅಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿರಬೇಕು. ಯಾವುದೇ ಫೋನಾದರೂ *#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಕಂತು ಬಾಕಿ ಇದ್ದರೆ ಕಂಪನಿ ಆ ನಂಬರನ್ನು ಕಪ್ಪುಪಟ್ಟಿಗೆ ಹಾಕಿ ಫೋನಿಗೆ ನೆಟ್‌ವರ್ಕ್ ಸಿಗದಂತೆ ಮಾಡಬಹುದು. ಬೇರೆ ಕಂಪನಿಯ ಸಿಮ್ ಹಾಕಿ ಒಂದು ಕರೆ ಮಾಡಿ ನೋಡದೆ ದುಡ್ಡು ಕೊಡಲೇಬೇಡಿ.

ಲಾಕ್ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ನೆಟ್‌ವರ್ಕ್ ಕಂಪನಿಗಳು ಲಾಕ್ ಮಾಡಿದ ಫೋನ್ ಮಾರುವಂತಿಲ್ಲ. ಅಂಥ ಕಡೆ ನಿಮ್ಮ ತಲೆನೋವು ಅರ್ಧ ಕಡಿಮೆ. ಬೇರೆ ಕಡೆ ಆದರೆ ಲಾಕ್ ಯಾವಾಗ ತೆಗೆಯುತ್ತಾರೆ, ಏನು ಷರತ್ತು ಅನ್ನುವುದನ್ನು ಸಹಿ ಮಾಡುವ ಮೊದಲೇ ಬರಹದಲ್ಲಿ ಪಡೆಯಿರಿ.