ಸಂಘದ ಪ್ರತಿನಿಧಿಯಾದವರು ಸಭೆ ನಡೆಸುವುದನ್ನು ಕಲಿಯುವುದು ಹೇಗೆ?

ಹೊಸ ಪ್ರತಿನಿಧಿ
ಎಲ್ಲರಿಗೂ ನಮಸ್ಕಾರ. ನಮ್ಮದು 14 ಜನರ ಮಹಿಳಾ ಸ್ವಸಹಾಯ ಸಂಘ. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಈ ಸಲ ನನ್ನನ್ನು ಪ್ರತಿನಿಧಿ ಮಾಡಿದ್ದಾರೆ. ಸಭೆಯಲ್ಲಿ ಮೂವರೇ ಮಾತಾಡುತ್ತಾರೆ, ಉಳಿದವರು ಸಹಿ ಹಾಕಿ ಎದ್ದು ಹೋಗುತ್ತಾರೆ. ಇಬ್ಬರ ಸಾಲದ ಕಂತು ಬಾಕಿ ನಿಂತಿದೆ. ಧೈರ್ಯ ಬೇಕು ಅನ್ನುವುದು ಗೊತ್ತು. ಮುಂದಿನ ಸಭೆಯಿಂದಲೇ ಏನು ಮಾಡಬೇಕು, ತಿಳಿದವರು ಹೇಳಿ.

ಒಕ್ಕೂಟದ ತರಬೇತುದಾರರು
ಮೊದಲು ಕೂರುವ ರೀತಿ ಸರಿಮಾಡಿ, ಮೇಡಂ. ಎಲ್ಲರೂ ನೆಲದ ಮೇಲೆ ದುಂಡಗೆ ಕೂರಲಿ, ದುಡ್ಡು ಮತ್ತು ಪುಸ್ತಕ ನಡುವೆ ಇರಲಿ. ಪ್ರತಿನಿಧಿ ಕುರ್ಚಿಯಲ್ಲಿ ಕೂತರೆ ಉಳಿದವರು ಕೇಳುಗರಾಗಿಬಿಡುತ್ತಾರೆ.

ಸಭೆಯ ಕ್ರಮ ಹೀಗಿರಲಿ: ಹಾಜರಿ, ಹಿಂದಿನ ಠರಾವು ಓದುವುದು, ಉಳಿತಾಯ, ಕಂತು ವಸೂಲಿ, ಹೊಸ ಸಾಲದ ಬೇಡಿಕೆ, ಠರಾವು, ಸಹಿ. ಒಂದು ಗಂಟೆ ಸಾಕು. ಅದರಲ್ಲಿ ಅರ್ಧ ಸಮಯ ಸಾಲದ ಚರ್ಚೆಗೇ ಬೇಕು, ಏಕೆಂದರೆ ಸಂಘ ನಿಜವಾಗಿ ತೀರ್ಮಾನ ಮಾಡುವುದು ಅಲ್ಲಿಯೇ.

ಮಾತಾಡದವರನ್ನು ಮಾತಾಡಿಸಲು “ಯಾರಾದರೂ ಹೇಳ್ರಿ” ಅನ್ನಬೇಡಿ, ಆ ಮೂವರೇ ಬಾಯಿ ಬಿಡುತ್ತಾರೆ. ಹೆಸರು ಹಿಡಿದು, ಒಂದು ಕಡೆಯಿಂದ ಸುತ್ತು ಕೇಳಿ. ಪ್ರತಿ ವಾರ ಬೇರೆಯವರಿಂದ ಶುರುಮಾಡಿ. ಪ್ರಶ್ನೆ ಸಣ್ಣದಿರಲಿ: “ಶಾಂತಕ್ಕ ಕುರಿ ತರಲು 10,000 ಕೇಳಿದ್ದಾರೆ. ಕೊಡೋಣವಾ? ಎಷ್ಟು ಕಂತು?” ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಪ್ರತಿನಿಧಿ ಮೊದಲೇ ಹೇಳಿಬಿಟ್ಟರೆ ಎಲ್ಲರೂ ಹೂಂ ಅನ್ನುತ್ತಾರೆ, ನಾಳೆ ಕಂತು ನಿಂತಾಗ “ನೀವೇ ಕೊಡಿಸಿದ್ದು” ಅನ್ನುತ್ತಾರೆ.

ಠರಾವನ್ನು ಅಲ್ಲೇ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಸಹಿ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ.

ಲೆಕ್ಕ ಬರೆಯುವವರು
ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪುಸ್ತಕ ಬೇರೆಯವರು ಬರೆದರೂ ಓದಲು ಪ್ರತಿನಿಧಿಗೆ ಬರಲೇಬೇಕು. ಪ್ರತಿ ಸಭೆಯ ಕೊನೆಗೆ ಇದನ್ನು ಜೋರಾಗಿ ಹೇಳಿ: ಆರಂಭದ ನಗದು 1,240, ಉಳಿತಾಯ 700, ಕಂತು ಬಡ್ಡಿ ಸೇರಿ 3,300, ಒಟ್ಟು 5,240. ಕೊಟ್ಟ ಸಾಲ 5,000. ಉಳಿದದ್ದು 240. ಆ 240 ಅನ್ನು ಮಾತೇ ಆಡದ ಸದಸ್ಯೆಯ ಕೈಗೆ ಕೊಟ್ಟು ಎಣಿಸಲು ಹೇಳಿ. ಎರಡು ಮೂರು ಸಭೆ ಕಳೆದರೆ ಅವರಾಗಿಯೇ ಪ್ರಶ್ನೆ ಕೇಳತೊಡಗುತ್ತಾರೆ.

ಬಡ್ಡಿಯನ್ನೂ ಬಿಡಿಸಿ ಹೇಳಿ. 10,000 ಸಾಲ, 10 ಕಂತು, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಮೊದಲ ತಿಂಗಳ ಕಂತು ಬಡ್ಡಿ ಸೇರಿ 1,100, ಎರಡನೆಯದು 1,090, ಕೊನೆಯದು 1,010. ಒಟ್ಟು ಬಡ್ಡಿ 550. ಪೂರ್ತಿ ಅಸಲಿನ ಮೇಲೆಯೇ ಹಾಕುತ್ತಾ ಹೋದರೆ 1,000 ಆಗುತ್ತದೆ. ಈ 450 ರೂಪಾಯಿಯ ಅಂತರ ಯಾರಿಗೂ ತಿಳಿಸದೆ ಇದ್ದುದರಿಂದಲೇ ಎಷ್ಟೋ ಸಂಘಗಳಲ್ಲಿ ಅನುಮಾನ ಹುಟ್ಟುತ್ತದೆ.

ಹೊಸ ಪ್ರತಿನಿಧಿ
ತುಂಬಾ ಉಪಯೋಗ ಆಯಿತು. ಬಾಕಿ ಇರುವವರಲ್ಲಿ ಒಬ್ಬರು ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಓಣಿಯವರೇ. ಸಭೆಯಲ್ಲಿ ಕೇಳಲು ಬಾಯಿ ಬರುವುದಿಲ್ಲ.

ಒಕ್ಕೂಟದ ತರಬೇತುದಾರರು
ಮೊದಲ ಮಾತು ಸಭೆಯಲ್ಲಿ ಬೇಡ. ಎರಡು ದಿನ ಮುಂಚೆ ಒಬ್ಬರೇ ಅವರ ಮನೆಗೆ ಹೋಗಿ. “ಯಾಕೆ ಕಟ್ಟಿಲ್ಲ?” ಅಂದರೆ ಮಾತು ಜಗಳಕ್ಕೆ ತಿರುಗುತ್ತದೆ. “ದೊಡ್ಡಮ್ಮಾ, ಈ ತಿಂಗಳು ಎಷ್ಟು ಆಗುತ್ತೆ, ಯಾವತ್ತು?” ಅಂತ ಕೇಳಿ. ಕಾರಣ ತಿಳಿದುಕೊಳ್ಳಿ. ಬೆಳೆ ಮಾರಿದ ಮೇಲೆ ದುಡ್ಡು ಬರುವವರಿಗೆ ತಿಂಗಳ ಕಂತು ಹಾಕಿದ್ದರೆ ತಪ್ಪು ಕಂತಿನದು. ಕಾಯಿಲೆ ಇದ್ದರೆ ದಾರಿ ಬೇರೆ. ಬೇರೆ ಕಡೆ ವಾರದ ಸಾಲ ಕಟ್ಟುತ್ತಿದ್ದರೆ ಅದನ್ನು ತಿಳಿಯದೆ ಒತ್ತಾಯ ಮಾಡಿ ಪ್ರಯೋಜನವಿಲ್ಲ.

ಆಮೇಲೆ ವಿಷಯ ಸಭೆಗೆ ಬರಲಿ, ಸಾಧ್ಯವಾದರೆ ಅವರ ಬಾಯಿಂದಲೇ. ಉದಾಹರಣೆಗೆ, ಉಳಿದ 6,000ಕ್ಕೆ ಸಾವಿರದ 6 ಕಂತಿನ ಬದಲು 600ರ 10 ಕಂತು ಮಾಡುವುದಾದರೆ, ಮೊತ್ತ ಮತ್ತು ತಾರೀಖು ಬರೆದು ಠರಾವು ಮಾಡಿ. ಎರಡು ಕೆಲಸ ಖಂಡಿತ ಬೇಡ: ಮುಲಾಜಿಗೆ ನಿಮ್ಮ ಕೈಯಿಂದ ಕಂತು ತುಂಬುವುದು, ಇನ್ನೊಬ್ಬ ಸದಸ್ಯೆಯ ಹೆಸರಲ್ಲಿ ಸಾಲ ಎತ್ತಿ ಹಳೆಯದನ್ನು ಮುಚ್ಚುವುದು. ಎರಡರಲ್ಲೂ ಬಾಕಿ ಪುಸ್ತಕದಿಂದ ಮರೆಯಾಗುತ್ತದೆ, ಆದರೆ ತೀರಿರುವುದಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ಪಂಚಸೂತ್ರ: ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ (ಸಂಘದ ದುಡ್ಡಿನಿಂದ ಸದಸ್ಯೆಯರಿಗೆ ಕೊಡುವುದು), ಸಕಾಲ ಮರುಪಾವತಿ, ಸರಿಯಾದ ಪುಸ್ತಕ. ಹೊಂದಿಸಿ ಬರೆದ ಪುಸ್ತಕ ಅಲ್ಲಿ ಸಿಕ್ಕಿಬೀಳುತ್ತದೆ.

ಲೆಕ್ಕ ಬರೆಯುವವರು
ಬ್ಯಾಂಕಿಗೆ ಪ್ರತಿ ಸಲ ನೀವೇ ಹೋಗಬೇಡಿ, ಅಕ್ಕ. ಸರದಿ ಮೇಲೆ ಒಬ್ಬ ಸದಸ್ಯೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲ ಸಲ ಅವರು ನೋಡಲಿ, ಎರಡನೇ ಸಲ ಚಲನ್ ಅವರು ತುಂಬಲಿ, ನೀವು ಪಕ್ಕದಲ್ಲಿರಿ. ಮೂರನೇ ಸಲ ಅವರು ಮುಂದೆ ನಿಂತು ಮಾತಾಡಲಿ. ಸಭೆ ನಡೆಸುವುದನ್ನೂ ಹೀಗೆಯೇ ಕಲಿಸಿ. ಮುಂದಿನ ಪ್ರತಿನಿಧಿಯ ಆಯ್ಕೆ ಬರುವ ಹೊತ್ತಿಗೆ ಕನಿಷ್ಠ ನಾಲ್ವರು ತಯಾರಿರಬೇಕು.