ಅಪ್‌ಡೇಟ್: ಲಂಡನ್ನಿನಲ್ಲಿ ಫೋಟೊ ಅಳಿಸಲು ಹೇಳಿದ ಪ್ರಕರಣ ಕೊನೆಗೆ ಏನಾಯಿತು

ಲಂಡನ್ನಿನ ಗಾಜಿನ ಕಚೇರಿ ಕಟ್ಟಡವೊಂದರ ಮುಂದೆ ಕಾವಲುಗಾರರು ಭದ್ರತೆಯ ನೆಪದಲ್ಲಿ ನನ್ನ ಚಿತ್ರಗಳನ್ನು ಅಳಿಸಲು ಒತ್ತಾಯಿಸಿದ ಬಗ್ಗೆ ಹತ್ತು ದಿನಗಳ ಹಿಂದೆ ಇಲ್ಲಿ ಕೇಳಿದ್ದೆ; ಹಲವರು ಸಲಹೆ ಕೊಟ್ಟಿದ್ದರು. ಮೊನ್ನೆ ಶನಿವಾರ ಅಲ್ಲಿಗೇ ಮತ್ತೆ ಹೋಗಿ, ಬೇಕಿದ್ದ ಚಿತ್ರ ತೆಗೆದುಕೊಂಡು ಬಂದೆ.

ಮೊಬೈಲಿನಲ್ಲಿ ತೆಗೆದರೆ ಯಾರೂ ಕೇಳುವುದಿಲ್ಲವೆಂಬ ಸಲಹೆ ಫಲಿಸಲಿಲ್ಲ. ಕಾಯಿದೆಯ ಸೆಕ್ಷನ್ ಹೇಳಿ ವಾದಿಸಿದ್ದರಿಂದ ಕಾವಲುಗಾರರ ದನಿ ಏರಿತಷ್ಟೆ. ಕೆಲಸಕ್ಕೆ ಬಂದದ್ದು, "ನೀವು ನಿಂತಿರುವ ನೆಲ ಯಾರದೆಂದು ಮೊದಲು ಕೇಳಿ" ಎಂದವರ ಮಾತು. ಹಾಗೆ ಕೇಳಿದಾಗ ಕಾವಲುಗಾರರು ಬೂಟಿನ ತುದಿಯಿಂದ ಕಲ್ಲುಹಾಸಿನಲ್ಲಿ ಹುದುಗಿದ್ದ ಹಿತ್ತಾಳೆ ಮೊಳೆಗಳ ಸಾಲನ್ನು ತೋರಿಸಿದರು: ಅದೇ ಗಡಿ, ನಾನು ಒಂದು ಮೊಳ ಒಳಗಿದ್ದೆ! ಎರಡು ಹೆಜ್ಜೆ ಹಿಂದೆ ಸರಿದು ಸಾರ್ವಜನಿಕ ಕಾಲುದಾರಿಯಲ್ಲಿ ನಿಂತಾಗ ಅವರು ತೆಪ್ಪಗಾದರು. (ದಾರಿಗೆ ಅಡ್ಡಿಯಾದೀತೆಂದು ಟ್ರೈಪಾಡನ್ನು ಮನೆಯಲ್ಲೇ ಬಿಟ್ಟಿದ್ದೆ.)

ಕೆಲವರು ಉಲ್ಲೇಖಿಸಿದ, 2000ದ ಭಯೋತ್ಪಾದನಾ ಕಾಯಿದೆಯ 44ನೇ ಸೆಕ್ಷನ್ ಈಗ ಜಾರಿಯಲ್ಲಿಲ್ಲ. ನಿರ್ದಿಷ್ಟ ಅನುಮಾನವಿಲ್ಲದೆಯೂ ಜನರನ್ನು ತಡೆದು ಶೋಧಿಸಲು ಪೊಲೀಸರಿಗೆ ಅವಕಾಶವಿತ್ತ ಆ ಅಧಿಕಾರವು ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2010ರ ಜನವರಿಯಲ್ಲಿ ತೀರ್ಪಿತ್ತ ಮೇಲೆ, 2012ರ ಕಾಯಿದೆಯೊಂದು ಅದನ್ನು ರದ್ದುಪಡಿಸಿತು. ಉಳಿದಿರುವ 43ನೇ ಸೆಕ್ಷನ್ ಪ್ರಕಾರ, ವ್ಯಕ್ತಿಯು ಭಯೋತ್ಪಾದಕನೆಂಬ ಸಕಾರಣ ಅನುಮಾನವಿದ್ದರೆ ಪೊಲೀಸರು ಕ್ಯಾಮೆರಾದ ಚಿತ್ರಗಳನ್ನು ನೋಡಬಹುದು. ಶೋಧದ ವೇಳೆ ಅಳಿಸುವಂತಿಲ್ಲ.

ಕ್ಯಾನರಿ ವಾರ್ಫ್‌ನಂಥ ಖಾಸಗಿ ಒಡೆತನದ ಪ್ರದೇಶದಲ್ಲಿ ನನ್ನ ಉಪಾಯ ನಡೆಯದು. ಅಲ್ಲಿ ಹೊರಗೆ ಹೋಗಿ ಎನ್ನಬಹುದು, ಆದರೆ ಚಿತ್ರ ಅಳಿಸಿ ಎನ್ನುವ ಅಧಿಕಾರ ಅಲ್ಲಿನ ಕಾವಲುಗಾರರಿಗೂ ಇಲ್ಲ.