ದಿನಕ್ಕೊಂದು ಚಿತ್ರ: 43ನೇ ದಿನಕ್ಕೆ ನಿಂತಿದೆ, ಮುಂದೆ ಹೇಗೆ?

ಕಾಲುದಾರಿ (ಬೆಂಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರ್‌ನಲ್ಲಿ ಇಂಕ್‌ಟೋಬರ್ ಮಾಡಿದೆ. 31 ದಿನ, ಒಂದು ದಿನವೂ ತಪ್ಪಿಸಲಿಲ್ಲ. ಅದರಲ್ಲಿ ದಿನಕ್ಕೊಂದು ಪದ ಕೊಟ್ಟಿರುತ್ತಾರೆ, ಅದನ್ನು ನೋಡಿಕೊಂಡು ಇಂಕಿನಲ್ಲಿ ಬಿಡಿಸಿದರಾಯಿತು. ಅದೇ ಹುರುಪಿನಲ್ಲಿ ಜನವರಿ 1ರಿಂದ ಪಟ್ಟಿ ಇಲ್ಲದೆ ಶುರು ಮಾಡಿದೆ. ನನ್ನ ದಿನದಲ್ಲಿ ಕಂಡದ್ದು, ದಿನಕ್ಕೊಂದು. ಫೆಬ್ರವರಿ 12ಕ್ಕೆ ನಿಂತುಹೋಯಿತು.

ಮನೆ, ಮೆಟ್ರೋ, ಆಫೀಸು, ಮತ್ತೆ ಮೆಟ್ರೋ, ಮನೆ. ಕಾಫಿ ಲೋಟ ಐದು ಸಲ ಬಂದಿದೆ. ಚಪ್ಪಲಿ ಸ್ಟ್ಯಾಂಡ್ ಮೂರು ಸಲ. ಕಿಟಕಿ ಲೆಕ್ಕವಿಲ್ಲ. ರಾತ್ರಿ ಹತ್ತೂವರೆಗೆ ಪುಸ್ತಕ ತೆಗೆದು ಇವತ್ತು ಏನು ಬಿಡಿಸಲಿ ಅಂತ ಸುಮ್ನೆ ಕೂತಿರುತ್ತೇನೆ. ಕೊನೆಕೊನೆಗೆ ಫೋನಿನಲ್ಲಿ ಯಾವುದೋ ಫೋಟೋ ಹುಡುಕಿ ಅದನ್ನೇ ನೋಡಿ ಬಿಡಿಸುತ್ತಿದ್ದೆ. ಅದು ನನ್ನ ದಿನ ಅಲ್ಲವಲ್ಲ. ಬೇಜಾರಾಗಿ ಬಿಟ್ಟೆ.

ಹೊರಗೆ ಕೂತು ಜನರನ್ನು ಬಿಡಿಸಲು ತುಂಬ ಸಂಕೋಚ. ಅದನ್ನು ಹೇಗೆ ದಾಟಿದಿರಿ? ಜೊತೆಗೆ ಒಂದು ಸಣ್ಣ ಪ್ರಶ್ನೆ: ಫೌಂಟನ್ ಪೆನ್ನಿನಲ್ಲಿ ಗೆರೆ ಎಳೆದು ಮೇಲೆ ವಾಟರ್ ಕಲರ್ ಹಾಕಿದರೆ ಗೆರೆಯೆಲ್ಲ ಕದಡಿಹೋಗುತ್ತದೆ. ಏನು ಬಳಸಬೇಕು?

ಕನಕಾಂಬರ (ಮೈಸೂರು):

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಅದರ ಆಚೆ ನನಗೋಸ್ಕರ ದಿನಕ್ಕೊಂದು ಬರೆಯಲು ಶುರು ಮಾಡಿ ಇದು ಏಳನೇ ವರ್ಷ. ಅಂಗೈ ಅಗಲದ ಪುಸ್ತಕಗಳು, ಇಲ್ಲಿವರೆಗೆ 22 ತುಂಬಿವೆ.

ನಿಮ್ಮ ತೊಂದರೆ ಇರುವುದು ಆ ಹತ್ತೂವರೆಯಲ್ಲಿ. ಅಷ್ಟು ಹೊತ್ತಿಗೆ ದಿನ ಮುಗಿದಿರುತ್ತದೆ. ಕಣ್ಣೆದುರು ಉಳಿದಿರುವುದು ಲೋಟ, ಚಪ್ಪಲಿ, ಕಿಟಕಿ. ಅದಕ್ಕೇ ಅವೇ ಬರುತ್ತಿವೆ. ನನಗೂ ಮೊದಲ ವರ್ಷ ಹೀಗೇ ಆಯಿತು. ಆಗ ದಿನದಲ್ಲಿ ನಾನು ಎಲ್ಲೆಲ್ಲಿ ಕಾಯುತ್ತೇನೆ ಅಂತ ಒಂದು ವಾರ ಗುರುತು ಹಾಕಿಟ್ಟೆ. ಕುಕ್ಕರ್ ಮೂರು ವಿಷಲ್ ಕೂಗುವವರೆಗೆ. ಮಗಳ ಸ್ಕೂಲ್ ವ್ಯಾನ್ ಬರುವವರೆಗೆ. ಹಿಟ್ಟಿನ ಗಿರಣಿಯಲ್ಲಿ ನನ್ನ ಡಬ್ಬಿಯ ಸರದಿ ಬರುವವರೆಗೆ. ಎಲ್ಲವೂ ಐದು, ಹತ್ತು ನಿಮಿಷ. ಈಗ ಅಲ್ಲೇ ಬರೆಯುತ್ತೇನೆ. ಮೂರನೇ ವಿಷಲ್ ಆದರೆ ಪೆನ್ನು ಕೆಳಗಿಡುತ್ತೇನೆ. ಅರ್ಧ ಆಗಿದ್ದರೆ ಆ ಅರ್ಧವೇ ಆ ದಿನದ ಚಿತ್ರ.

ಗಿರಣಿ ನನಗೆ ಬಹಳ ಕೊಟ್ಟಿದೆ. ಅಲ್ಲಿನ ಯಜಮಾನರ ಹುಬ್ಬು ರಾಗಿ ಬೀಸಿದಾಗ ಕಂದು, ಗೋಧಿ ಬೀಸಿದಾಗ ಬಿಳಿ. ಹಿಟ್ಟು ಇಳಿಯುವ ಬಾಯಿಗೆ ಹಳೇ ಪಂಚೆಯ ಬಟ್ಟೆ ಕಟ್ಟಿದ್ದಾರೆ, ಮೆಷಿನ್ ಓಡುವಾಗ ಅದು ಉಸಿರಾಡುವ ಹಾಗೆ ಉಬ್ಬಿ ಇಳಿಯುತ್ತದೆ. ಅಲ್ಲಿ ನಿಂತು ಬರೆಯದಿದ್ದರೆ ನನಗೆ ಇದು ಯಾವತ್ತೂ ಕಾಣುತ್ತಿರಲಿಲ್ಲ.

ಒಂದೇ ವಸ್ತು ಮತ್ತೆ ಮತ್ತೆ ಬರಲಿ, ಬಿಡಿ. ನಮ್ಮೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆ ಬರೆದವರು. ದೊಡ್ಡ ಹೆಸರು ಬಂದ ಮೇಲೂ ಕಾಗೆ ಬಿಡಲಿಲ್ಲ. ಮುಂಬೈನ ಜೆ. ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ನನಗೆ ಆ ಕಾಗೆಗಳೇ ಹತ್ತಿರ. ಕೊಂಬೆ ಮೇಲೆ ಕತ್ತು ಓರೆ ಮಾಡಿ ಕೂತ ಕಾಗೆಯನ್ನು ಅಷ್ಟು ವರ್ಷ ನೋಡಿದವರ ಕಣ್ಣು, ಜನರ ನಿಲುವನ್ನೂ ಹಾಗೇ ಹಿಡಿಯಿತು ಅಂತ ನಾನು ನಂಬುತ್ತೇನೆ.

ನನ್ನ ಕಾಗೆ ಅಂದರೆ ದೇವರಾಜ ಮಾರ್ಕೆಟ್ಟಿನ ಒಬ್ಬ ಹೂವಿನ ಅಮ್ಮ. 19 ಸಲ ಬರೆದಿದ್ದೇನೆ. ಮೊದಲ ನಾಲ್ಕು ಸಲ ಅವರು, ಬುಟ್ಟಿ, ಹಿಂದಿನ ಸಾಲು, ಎಲ್ಲ ಸೇರಿಸಿ ಬರೆದೆ. ಒಂದೂ ಹಿಡಿಸಲಿಲ್ಲ. ಐದನೇ ಸಲ ಬರೀ ಕೈ ಬರೆದೆ. ಎಡಗೈಯ ಹೆಬ್ಬೆರಳು, ತೋರುಬೆರಳ ಸಂದಿಯಲ್ಲಿ ಎರಡು ಮೊಗ್ಗು ಆ ಕಡೆ ಮುಖ, ಎರಡು ಈ ಕಡೆ ಮುಖ. ತೊಟ್ಟುಗಳು ನಡುವೆ ಸೇರುತ್ತವೆ. ಬಲಗೈ ಒದ್ದೆ ಬಾಳೆನಾರನ್ನು ತೊಟ್ಟಿನ ಸುತ್ತ ತಂದು, ಬೆರಳಲ್ಲೇ ಒಂದು ಕುಣಿಕೆ ತಿರುವಿ, ಎಳೆಯುತ್ತದೆ. ಗಂಟು ಬಿತ್ತು. ಕಣ್ಣು ಮಾತ್ರ ಗಿರಾಕಿಯ ಮೇಲೆ, ಕೈಯನ್ನು ಒಮ್ಮೆಯೂ ನೋಡುವುದಿಲ್ಲ. ಮೊಳ ಅಳೆದಾದ ಮೇಲೆ ಇನ್ನೆರಡು ಬೆರಳಷ್ಟು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ಆ ಎರಡು ಬೆರಳು ನನಗೆ ಹನ್ನೊಂದನೇ ಸಲಕ್ಕೆ ಕಂಡಿದ್ದು.

ಸಂಕೋಚದ ಬಗ್ಗೆ: ಬರೆದದ್ದನ್ನು ಅವರಿಗೆ ತೋರಿಸಿ. ಆ ಅಮ್ಮನಿಗೆ ತೋರಿಸಿದಾಗ ಪುಸ್ತಕ ಹತ್ತಿರ ಹಿಡಿದು ನೋಡಿ, "ಎಲ್ಲಾ ಸರಿ ಕಣವ್ವ, ನನ್ ಬಳೆ ಎಲ್ಲೋಯ್ತು?" ಅಂದರು. ನಿಜ, ಬಳೆಯನ್ನೇ ಬಿಟ್ಟಿದ್ದೆ. ಮಾರನೇ ದಿನ ಹೋಗಿ ಹಾಕಿದೆ: ಹಸಿರು ಗಾಜಿನವು ನಾಲ್ಕು, ಅಂಚಿಗೆ ಒಂದು ಕೆಂಪು. ಆಮೇಲೆ ನಮ್ಮಿಬ್ಬರ ನಡುವೆ ಸಂಕೋಚ ಉಳಿಯಲಿಲ್ಲ.

ಎಲ್ಲರೂ ಹಾಗಿರುವುದಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು ಸಿಟ್ಟಾದರು. "ನನ್ನ ಕೇಳದೆ ಯಾಕಮ್ಮ ಬರೆದೆ?" ಅಂದರು. ಅವರು ಹೇಳಿದ್ದು ಸರಿ ಇತ್ತು. ಹಾಳೆ ಹರಿದು ಅವರ ಕೈಗೇ ಕೊಟ್ಟು ಕ್ಷಮೆ ಕೇಳಿದೆ. ಅಂದಿನಿಂದ ಗುರುತು ಸಿಗುವ ಹಾಗೆ ಮುಖ ಬರೆಯುವುದಾದರೆ ಕೇಳಿಯೇ ಬರೆಯುತ್ತೇನೆ. ಬೆನ್ನು, ಕೈ, ಚೀಲ, ಕಾಲು ಮಡಿಸಿ ಕೂತ ರೀತಿ, ಇವುಗಳಲ್ಲೇ ಶುರು ಮಾಡಿ.

ಇನ್ನು ಇಂಕು. ಮಾಮೂಲಿ ಫೌಂಟನ್ ಪೆನ್ ಇಂಕು ನೀರು ಬಿದ್ದರೆ ಕದಡುತ್ತದೆ. ಇಂಡಿಯನ್ ಇಂಕು ಒಣಗಿದ ಮೇಲೆ ಕದಡುವುದಿಲ್ಲ, ಆದರೆ ಅದನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ, ಒಣಗಿ ಒಳಗೆಲ್ಲ ಕಟ್ಟಿಕೊಳ್ಳುತ್ತದೆ. ಅದ್ದಿ ಬರೆಯುವ ನಿಬ್ಬಿಗೆ, ಬ್ರಷ್ಷಿಗೆ ಸರಿ. ನಿಮ್ಮ ಓಡಾಟಕ್ಕೆ, ಒಣಗಿದ ಮೇಲೆ ಕದಡದ ಪಿಗ್ಮೆಂಟ್ ಇಂಕಿನ ತೆಳು ಮೊನೆಯ ಪೆನ್ನು ಸಾಕು. ಗೆರೆ ಎಳೆದು ಒಂದೆರಡು ನಿಮಿಷ ಆರಲು ಬಿಟ್ಟು ಬಣ್ಣ ಹಾಕಿ. ಕಾಗದ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕ) ಇದ್ದರೆ ತೆಳು ಬಣ್ಣ ತಡೆಯುತ್ತದೆ. ಜೆರಾಕ್ಸ್ ಹಾಳೆ ನೀರು ತಾಗಿದ ಕೂಡಲೇ ಮುದುರುತ್ತದೆ.

ಬೊಂಡಾಸ್ (ಉಡುಪಿ):

ನಮ್ಮ ಕಡೆ ಜೂನ್ ಬಂದರೆ ಕಾಗದವೇ ತೇವ ಹಿಡಿಯುತ್ತದೆ. ಇಂಕು ಹರಡುತ್ತದೆ, ಬಣ್ಣ ಬೇಗ ಆರುವುದಿಲ್ಲ. ಮಳೆಗಾಲ ಪೂರ್ತಿ ನಾನು ಬಾಲ್ ಪೆನ್ ಹಿಡಿಯುತ್ತೇನೆ. ಮೆಲ್ಲಗೆ ಎಳೆದರೆ ಬೂದು ಗೆರೆ, ಒತ್ತಿದರೆ ಕಡು ಗೆರೆ. ಬಣ್ಣ ಬೇಕು ಅನ್ನಿಸುವುದೇ ಇಲ್ಲ.

ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಹುಟ್ಟಿದ್ದು ಇಲ್ಲೇ ಹತ್ತಿರದ ಕಟ್ಟಿಂಗೇರಿಯಲ್ಲಿ, 1911ರಲ್ಲಿ. ಅವರ ರೇಖಾಚಿತ್ರಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಕುಣಿಯುವವರ ಮೈಯೆಲ್ಲ ಕೆಲವೇ ಗೆರೆಗಳಲ್ಲಿ ನಿಂತಿರುತ್ತದೆ. ಅದನ್ನು ನೋಡಿದ ಮೇಲೆ ನಾನು ಮೀನು ಮಾರ್ಕೆಟ್ಟಿಗೆ ಹೋಗಿ ಬಂಗುಡೆಯ ಬೆನ್ನು ಬರೆಯಲು ಕೂತೆ. ಮೈಯುದ್ದಕ್ಕೂ ಹೋಗುವ ಆ ಕಪ್ಪು ಪಟ್ಟೆ ಒಂದೊಂದು ಮೀನಿಗೆ ಒಂದೊಂದು ಥರ. ಬುಟ್ಟಿ ಖಾಲಿ ಆಗುವವರೆಗೆ ಬರೆಯಬಹುದು.

ತಿಪ್ಪೇಶಿ (ಚಿತ್ರದುರ್ಗ):

ಕನಕಾಂಬರ ಅವರೇ, ಏಳು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ವಾ? ನನಗೆ ಒಂದು ದಿನ ತಪ್ಪಿದರೆ ಪೂರ್ತಿ ಕೈಬಿಟ್ಟುಹೋಗುತ್ತದೆ.

ಕನಕಾಂಬರ (ಮೈಸೂರು):

ತಪ್ಪಿದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ 16 ದಿನ ಏನೂ ಬರೆಯಲಿಲ್ಲ. ಆ ಹಾಳೆಗಳಲ್ಲಿ ತಾರೀಕು ಮಾತ್ರ ಹಾಕಿ ಖಾಲಿ ಬಿಟ್ಟಿದ್ದೇನೆ. ಆಮೇಲೆ ಕೂತು ತುಂಬಿಸಲಿಲ್ಲ. 17ನೇ ದಿನ ಅವರ ಹಾಸಿಗೆ ಪಕ್ಕದ ಎಳನೀರು ಬುರುಡೆ ಬರೆದೆ, ಸ್ಟ್ರಾ ಇನ್ನೂ ಅದರಲ್ಲೇ ಇತ್ತು. ಅಪ್ಪ ಈಗ ಚೆನ್ನಾಗಿದ್ದಾರೆ. ಆ ಪುಸ್ತಕ ತೆಗೆದಾಗ ಅವರು ಮೊದಲು ಕೇಳುವುದು ಆ ಖಾಲಿ ಹಾಳೆಗಳನ್ನೇ.

ಕಾಲುದಾರಿ (ಬೆಂಗಳೂರು):

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮೆಟ್ರೋದಲ್ಲೇ ಪುಸ್ತಕ ತೆಗೆದೆ. ಮೆಜೆಸ್ಟಿಕ್‌ನಲ್ಲಿ ಒಬ್ಬರು ಹತ್ತಿ ನನ್ನ ಮುಂದೆ ಹಿಡಿಕೆ ಹಿಡಿದು ನಿಂತರು. ಮಣಿಕಟ್ಟಿಗೆ ಹಳದಿ ದಾರ, ಅದೇ ಕೈಯಲ್ಲಿ ಟಿಫಿನ್ ಬ್ಯಾಗೂ ನೇತಾಡುತ್ತಿತ್ತು. ಬ್ಯಾಗಿನ ಭಾರಕ್ಕೆ ದಾರ ಚರ್ಮದೊಳಗೆ ಒತ್ತಿ ಗುಳಿ ಬಿದ್ದಿತ್ತು. ಅದನ್ನೇ ಬಿಡಿಸುತ್ತಿದ್ದೆ. ಉಂಗುರಕ್ಕೆ ಬರುವಷ್ಟರಲ್ಲಿ ಎಂ. ಜಿ. ರೋಡ್ ಬಂತು, ಇಳಿದುಹೋದರು. ಉಂಗುರ ಹಾಕಿಲ್ಲ. ಕೆಳಗೆ 44 ಅಂತ ಬರೆದಿದ್ದೇನೆ.